ಹೆಸರಿಗೆ ಮೊದಲು ಕಾರಣ: ಚಿತ್ರ ನೋಡಿ ಹಕ್ಕಿ ಗುರುತಿಸುವ ಅಭ್ಯಾಸ

ಬೆಂಗಳೂರಿನ ಹೆಬ್ಬಾಳ ಕೆರೆಯ ಏರಿ ಮೇಲೆ ನಿಂತಾಗ ಹಕ್ಕಿ ನಿಮಗಾಗಿ ಕಾಯುವುದಿಲ್ಲ. ಮೂರು ಸೆಕೆಂಡು ಕಾಣುತ್ತದೆ, ಜೊಂಡಿನೊಳಗೆ ಹೋಗುತ್ತದೆ. ಆ ಮೂರು ಸೆಕೆಂಡಿನಲ್ಲಿ ಎಲ್ಲಿ ನೋಡಬೇಕು ಎಂಬುದು ಕಣ್ಣಿಗೆ ಮೊದಲೇ ಗೊತ್ತಿರಬೇಕು. ಮನೆಯಲ್ಲಿ ಕುಳಿತು ಚಿತ್ರಗಳ ಮೇಲೆ ಮಾಡುವ ಅಭ್ಯಾಸ ಇರುವುದು ಇದಕ್ಕಾಗಿಯೇ. ಆದರೆ ಅಂದದ ಫೋಟೊ ನೋಡಿ, ಕೆಳಗಿನ ಹೆಸರು ಓದಿ, ತಲೆಯಾಡಿಸಿ ಮುಂದಕ್ಕೆ ಹೋಗುವುದು ಅಭ್ಯಾಸವಲ್ಲ. ಹಾಗೆ ಸಾವಿರ ಚಿತ್ರ ನೋಡಿದವರೂ ಕೆರೆಯ ಬಳಿ ಬಿಳಿ ಹಕ್ಕಿಗಳೆಲ್ಲವನ್ನೂ ‘ಬೆಳ್ಳಕ್ಕಿ’ ಎಂದು ಬಿಟ್ಟುಬಿಡುತ್ತಾರೆ.

ಇಲ್ಲಿ ಹೇಳುವ ವಿಧಾನದ ಜೀವಾಳ ಒಂದೇ: ಹೆಸರು ಹೇಳುವ ಮೊದಲು ಕಾರಣ ಬರೆಯಬೇಕು. ಕಾರಣವಿಲ್ಲದ ಸರಿ ಉತ್ತರಕ್ಕಿಂತ ಕಾರಣವಿರುವ ತಪ್ಪು ಉತ್ತರ ಮೇಲು. ಎಲ್ಲಿ ತಪ್ಪಿತೆಂದು ಹುಡುಕಿ ತಿದ್ದಿಕೊಳ್ಳಲು ಅದರಲ್ಲಿ ದಾರಿ ಇರುತ್ತದೆ.

ಪಟ್ಟಿ ಚಿಕ್ಕದಿರಲಿ

ಭಾರತದಲ್ಲಿ 1,300ಕ್ಕೂ ಹೆಚ್ಚು ಜಾತಿಯ ಹಕ್ಕಿಗಳಿವೆ. ಎಲ್ಲವನ್ನೂ ಒಟ್ಟಿಗೆ ಹಚ್ಚಿಕೊಂಡರೆ ಯಾವುದೂ ನಿಲ್ಲದು. ಮೊದಲ ಪಟ್ಟಿಯಲ್ಲಿ 40 ಹಕ್ಕಿ ಸಾಕು, ಅವೆಲ್ಲ ಬೆಂಗಳೂರಿನವೇ ಆಗಿರಲಿ. ಹಕ್ಕಿ ನೋಡುವವರು ತಾವು ಕಂಡದ್ದನ್ನು ದಾಖಲಿಸುವ ಇಬರ್ಡ್ ಜಾಲತಾಣದಲ್ಲಿ ಬೆಂಗಳೂರು ನಗರ ಜಿಲ್ಲೆಯನ್ನು ಆರಿಸಿ ‘ಬಾರ್ ಚಾರ್ಟ್’ ತೆರೆದರೆ, ಯಾವ ಹಕ್ಕಿ ಯಾವ ತಿಂಗಳಲ್ಲಿ ಎಷ್ಟು ಪದೇ ಪದೇ ದಾಖಲಾಗಿದೆ ಎಂಬುದು ಪಟ್ಟೆಗಳ ರೂಪದಲ್ಲಿ ಕಾಣುತ್ತದೆ. ಪಟ್ಟೆ ದಪ್ಪವಿದ್ದಷ್ಟೂ ಹಕ್ಕಿ ಹೆಚ್ಚಾಗಿ ಕಾಣಿಸುತ್ತದೆ ಎಂದರ್ಥ. ಈಗಿನ ತಿಂಗಳಿನಲ್ಲಿ ದಪ್ಪ ಪಟ್ಟೆ ಇರುವ 40 ಹೆಸರನ್ನು ಬರೆದುಕೊಳ್ಳಿ.

ತಿಂಗಳು ಮುಖ್ಯ. ಬೂದು ಕುಂಡೆಕುಸ್ಕ (ಗ್ರೇ ವ್ಯಾಗ್‌ಟೇಲ್), ಬೂದು ಕಾಜಾಣ, ಗಾರ್ಗನಿ ಬಾತು, ಹಸಿರು ಉಲಿಯಕ್ಕಿ (ಗ್ರೀನಿಶ್ ವಾರ್ಬ್ಲರ್) ಇವೆಲ್ಲ ಚಳಿಗಾಲದ ಅತಿಥಿಗಳು. ಮೇ ತಿಂಗಳಿನ ಚಿತ್ರವೊಂದನ್ನು ನೋಡಿ ಇವುಗಳ ಹೆಸರು ನಾಲಿಗೆಗೆ ಬಂದರೆ ಇನ್ನೊಮ್ಮೆ ಯೋಚಿಸಬೇಕು. ಸಿಗಲಾರದು ಎಂದಲ್ಲ. ಅಪರೂಪದ ಹೆಸರು ಹೇಳುವವರ ಕೈಯಲ್ಲಿ ಕಾರಣವೂ ಅಷ್ಟೇ ಗಟ್ಟಿಯಾಗಿರಬೇಕು.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡದ ಹಕ್ಕಿ ಹೆಸರುಗಳು ಊರಿಂದೂರಿಗೆ ಬದಲಾಗುತ್ತವೆ. ಬಕ, ಬೆಳ್ಳಕ್ಕಿ, ಸ್ಟಾರ್ಕ್ ಮೂರನ್ನೂ ‘ಕೊಕ್ಕರೆ’ ಎನ್ನುವ ಊರುಗಳಿವೆ. ನಿಮ್ಮ ಮನೆಯಲ್ಲಿ ಬಳಸುವ ಹೆಸರನ್ನು ಬಿಡಬೇಡಿ, ಅದು ನೆನಪಿಗೆ ಬೇಗ ಕೂರುತ್ತದೆ. ಆದರೆ ಉತ್ತರದ ಕಾರ್ಡಿನ ಮೇಲೆ ಜಾಲತಾಣಗಳಲ್ಲಿ ಬಳಕೆಯಲ್ಲಿರುವ ಇಂಗ್ಲಿಷ್ ಹೆಸರನ್ನೂ ಬರೆದಿಡಿ. ಇಲ್ಲದಿದ್ದರೆ ಇನ್ನೊಬ್ಬರ ಜೊತೆ ಮಾತಾಡುವಾಗ ಇಬ್ಬರೂ ಬೇರೆ ಬೇರೆ ಹಕ್ಕಿಯ ಬಗ್ಗೆ ಮಾತಾಡುತ್ತಿರುತ್ತೀರಿ.

ಚಿತ್ರಗಳನ್ನು ಕೂಡಿಸುವುದು

ಒಂದು ಹಕ್ಕಿಗೆ ಒಂದೇ ಚಿತ್ರ ಇಟ್ಟುಕೊಂಡರೆ ನೀವು ಕಲಿಯುವುದು ಹಕ್ಕಿಯನ್ನಲ್ಲ, ಆ ಫೋಟೊವನ್ನು. ಹಿಂದಿನ ಕೊಂಬೆಯನ್ನು ನೋಡಿಯೇ ಉತ್ತರ ಹೊಳೆಯತೊಡಗುತ್ತದೆ. ಪ್ರತಿ ಹಕ್ಕಿಗೂ ಐದು ಚಿತ್ರ ಬೇಕು: ಗಂಡು, ಹೆಣ್ಣು, ಮರಿ ಅಥವಾ ಎಳೆಹಕ್ಕಿ, ಹಾರುತ್ತಿರುವಾಗಿನದು, ಮತ್ತು ಕೆಟ್ಟ ಚಿತ್ರ. ಈ ಐದನೆಯದನ್ನು ಬಿಟ್ಟುಬಿಡುವವರೇ ಹೆಚ್ಚು. ಎಲೆಯ ಮರೆಯಲ್ಲಿ ಅರ್ಧ ಕಾಣುವ, ಹಿಂದಿನಿಂದ ಬೆಳಕು ಬಿದ್ದ, ದೂರದ, ಬೆನ್ನು ತಿರುಗಿಸಿದ ಚಿತ್ರ ಅದು. ಹೊರಗೆ ಹೋದಾಗ ನಿಮಗೆ ಕಾಣುವುದು ಬಹುಪಾಲು ಇದೇ. ಗಂಡು ಹೆಣ್ಣು ಒಂದೇ ತೆರನಿರುವ ಹಕ್ಕಿಗಳಲ್ಲಿ, ಉದಾಹರಣೆಗೆ ಗೊರವಂಕದಲ್ಲಿ, ಹೆಣ್ಣಿನ ಜಾಗಕ್ಕೆ ಮುಂಭಾಗದಿಂದ ತೆಗೆದದ್ದನ್ನು ಹಾಕಿ.

ಚಿತ್ರ ಹುಡುಕಲು, ಇಬರ್ಡ್‌ಗೆ ಜನ ಸೇರಿಸಿದ ಚಿತ್ರಗಳಿರುವ ಮಕಾಲೆ ಲೈಬ್ರರಿಯಷ್ಟು ಅನುಕೂಲದ ಜಾಗ ಇನ್ನೊಂದಿಲ್ಲ. ಸ್ಥಳ, ತಿಂಗಳು, ವಯಸ್ಸು, ಲಿಂಗ ಎಲ್ಲವನ್ನೂ ಸೋಸಿ ನೋಡಬಹುದು. ಅಲ್ಲಿನ ಚಿತ್ರಗಳ ಹಕ್ಕು ತೆಗೆದವರದು, ಆದ್ದರಿಂದ ಅವನ್ನು ಅಲ್ಲೇ ನೋಡಿ ಅಭ್ಯಾಸ ಮಾಡಿ. ಇಳಿಸಿಕೊಂಡು ಕಾರ್ಡು ಮಾಡಲು ವಿಕಿಮೀಡಿಯಾ ಕಾಮನ್ಸ್ ಒಳ್ಳೆಯದು. ಜೀವಿಗಳ ಚಿತ್ರ ದಾಖಲಿಸುವ ಐನ್ಯಾಚುರಲಿಸ್ಟ್‌ ಜಾಲತಾಣದಲ್ಲೂ ಮುಕ್ತ ಪರವಾನಗಿಯ ಚಿತ್ರಗಳು ಸಿಗುತ್ತವೆ, ಪ್ರತಿ ಚಿತ್ರದ ಕೆಳಗೆ ಪರವಾನಗಿ ನೋಡಿಕೊಳ್ಳಿ. ಗೂಗಲ್‌ನಲ್ಲಿ ಹೆಸರು ಹಾಕಿ ಸಿಕ್ಕಿದ್ದನ್ನು ತುಂಬಿಕೊಳ್ಳಬೇಡಿ: ತಪ್ಪು ಹೆಸರಿನ ಚಿತ್ರಗಳು, ಬಣ್ಣ ಏರಿಸಿದ ಚಿತ್ರಗಳು, ಬೇರೆ ದೇಶದ ಉಪಜಾತಿಗಳು ಎಲ್ಲ ಬೆರೆತಿರುತ್ತವೆ. ಕಾಡು ಗೊರವಂಕದ ಕಣ್ಣು ದಕ್ಷಿಣ ಭಾರತದಲ್ಲಿ ತೆಳು ನೀಲಿ, ಉತ್ತರದಲ್ಲಿ ಹಳದಿ. ಅಲ್ಲಿನ ಚಿತ್ರ ನೋಡಿ ಕಲಿತವರು ಇಲ್ಲಿ ತಡವರಿಸುತ್ತಾರೆ. ಗೂಡಿನ ಚಿತ್ರಗಳನ್ನೂ ಬಿಡಿ. ಗೂಡಿನ ಹತ್ತಿರ ಹೋಗಿ ತೆಗೆಯುವ ಚಾಳಿಗೆ ಬೇಡಿಕೆ ಹುಟ್ಟಿಸುವುದು ಬೇಡ.

ಕಡತಕ್ಕೆ ‘ಕೋಗಿಲೆ ಹೆಣ್ಣು’ ಎಂದು ಹೆಸರಿಟ್ಟರೆ ಉತ್ತರ ಅಲ್ಲೇ ಹೋಯಿತು. 001, 002 ಎಂದು ಅಂಕಿ ಹಾಕಿ, ಉತ್ತರವನ್ನು ಬೇರೆ ಹಾಳೆಯಲ್ಲಿಡಿ. ಆಂಕಿ ಎಂಬ ಉಚಿತ ಕಾರ್ಡ್ ತಂತ್ರಾಂಶ ಗೊತ್ತಿದ್ದರೆ ಇನ್ನೂ ಸುಲಭ: ಮುಂದೆ ಚಿತ್ರ, ಹಿಂದೆ ಹೆಸರು ಮತ್ತು ಎರಡು ಕಾರಣ. ನೀವು ತಪ್ಪಿದ ಕಾರ್ಡನ್ನು ಅದು ಬೇಗ ಮತ್ತೆ ತರುತ್ತದೆ, ಸಲೀಸಾಗಿ ಹೇಳಿದ್ದನ್ನು ದಿನಗಟ್ಟಲೆ ಮುಂದೂಡುತ್ತದೆ.

ನೋಡುವ ಕ್ರಮ

ದಿನಕ್ಕೆ 20 ಚಿತ್ರ, 20 ನಿಮಿಷ. ಹೆಚ್ಚು ಬೇಡ, ಅರ್ಧ ಗಂಟೆ ದಾಟಿದರೆ ಕಣ್ಣು ಊಹೆಗೆ ಇಳಿಯುತ್ತದೆ. ಚಿತ್ರವನ್ನು 15 ಸೆಕೆಂಡು ನೋಡಿ, ಮುಚ್ಚಿ, ನೆನಪಿನಿಂದ ಬರೆಯಿರಿ. ತೆರೆದಿಟ್ಟುಕೊಂಡು ಬರೆದರೆ ಕಣ್ಣಿಗೆ ಕೆಲಸವೇ ಇರುವುದಿಲ್ಲ.

ಮೊದಲು ಆಕಾರ. ಮೈ ದುಂಡೋ ನೀಳವೋ, ಬಾಲ ರೆಕ್ಕೆಯ ತುದಿಯನ್ನು ಎಷ್ಟು ದಾಟಿದೆ, ಕುಳಿತ ಭಂಗಿ ನೆಟ್ಟಗಿದೆಯೋ ಅಡ್ಡವೋ. ಆಮೇಲೆ ಕೊಕ್ಕು. ಕೊಕ್ಕಿನ ಉದ್ದವನ್ನು ‘ಉದ್ದ’, ‘ಗಿಡ್ಡ’ ಎಂದು ಬರೆಯಬೇಡಿ, ಅಳೆಯಿರಿ. ಕಾಗದದ ಚೂರಿನ ಅಂಚನ್ನು ಪರದೆಯ ಮೇಲಿಟ್ಟು ಕೊಕ್ಕಿನ ಬುಡ ಮತ್ತು ತುದಿಗೆ ಗುರುತು ಹಾಕಿ. ಅದೇ ಕಾಗದವನ್ನು ಕೊಕ್ಕಿನ ಬುಡದಿಂದ ತಲೆಯ ಹಿಂಭಾಗದವರೆಗೆ ಇಟ್ಟು ನೋಡಿ. ತಲೆಗಿಂತ ಕೊಕ್ಕು ಉದ್ದವೇ, ಸಮವೇ, ಅರ್ಧವೇ? ಹಕ್ಕಿ ಪೂರ್ತಿ ಪಕ್ಕಕ್ಕೆ ತಿರುಗಿರುವ ಚಿತ್ರದಲ್ಲಿ ಮಾತ್ರ ಈ ಅಳತೆ ನಂಬಬಹುದು. ಕೊಕ್ಕು ನಿಮ್ಮ ಕಡೆಗೆ ಸ್ವಲ್ಪ ತಿರುಗಿದ್ದರೂ ಗಿಡ್ಡವಾಗಿ ಕಾಣುತ್ತದೆ.

ಮೂರನೆಯದು ಮುಖದ ಗುರುತುಗಳು: ಹುಬ್ಬಿನ ಗೆರೆ, ಕಣ್ಣಿನ ಮೂಲಕ ಹಾಯುವ ಪಟ್ಟೆ, ಕಣ್ಣಿನ ಸುತ್ತ ಉಂಗುರ, ಕೆನ್ನೆ, ಗಂಟಲು. ಆಮೇಲೆ ರೆಕ್ಕೆಪಟ್ಟೆ, ಎದೆಯ ಗೆರೆ ಚುಕ್ಕೆಗಳು, ಬಾಲದಡಿಯ ಬಣ್ಣ, ಕಾಲು. ಮೈಬಣ್ಣ ಎಲ್ಲಕ್ಕಿಂತ ಕೊನೆಗೆ. ಹೊಸಬರು ಬಣ್ಣದಿಂದಲೇ ಶುರುಮಾಡುತ್ತಾರೆ, ತಪ್ಪುವುದೂ ಅಲ್ಲೇ. ಸೂರಕ್ಕಿಯ (ಸನ್‌ಬರ್ಡ್) ಹೊಳೆಯುವ ಗರಿಗೆ ಬೆಳಕು ಸರಿಯಾದ ಕೋನದಿಂದ ಬೀಳದಿದ್ದರೆ ಇಡೀ ಹಕ್ಕಿ ಕಪ್ಪು. ನೆರಳಿನಲ್ಲಿ ಬಿಳಿ ಹಕ್ಕಿಗೆ ನೀಲಿ ಛಾಯೆ, ಸಂಜೆಯ ಬಿಸಿಲಿನಲ್ಲಿ ಕಂದು ಹಕ್ಕಿಗೆ ಕೆಂಪು. ಕೆಸರು ಮೆತ್ತಿದ ಕಾಲಿಗೆ ಕೆಸರಿನದೇ ಬಣ್ಣ.

ಗಾತ್ರವನ್ನು ಚಿತ್ರದಿಂದ ಹೇಳಲು ಹೋಗಬೇಡಿ. ಪಕ್ಕದಲ್ಲಿ ಗೊತ್ತಿರುವ ಹಕ್ಕಿಯೋ ಎಲೆಯೋ ಅಷ್ಟೇ ದೂರದಲ್ಲಿದ್ದರೆ ಮಾತ್ರ ಹೋಲಿಸಬಹುದು. ಚಳಿಯ ಬೆಳಗ್ಗೆ ಗರಿ ಉಬ್ಬಿಸಿ ಕುಳಿತ ಪಿಕಳಾರ ಇರುವುದಕ್ಕಿಂತ ದಪ್ಪ ಕಾಣುತ್ತದೆ.

ಅಂಕ ಕೊಟ್ಟುಕೊಳ್ಳುವಾಗ ಪ್ರತಿ ಚಿತ್ರಕ್ಕೆ ನಾಲ್ಕು: ಗುಂಪು ಸರಿಯಿದ್ದರೆ ಒಂದು, ಜಾತಿಗೆ ಒಂದು, ಗಂಡು ಹೆಣ್ಣು ಅಥವಾ ವಯಸ್ಸಿಗೆ ಒಂದು, ಬರೆದ ಕಾರಣ ಸರಿಯಿದ್ದರೆ ಒಂದು. ಜಾತಿ ಗೊತ್ತಾಗದೆ ‘ಉಲಿಯಕ್ಕಿ, ಇದಕ್ಕಿಂತ ಮುಂದೆ ಈ ಚಿತ್ರದಿಂದ ಹೇಳಲಾಗದು’ ಎಂದು ಬರೆದು, ಚಿತ್ರ ನಿಜಕ್ಕೂ ಹಾಗಿದ್ದರೆ, ನಾಲ್ಕಕ್ಕೆ ನಾಲ್ಕು ಕೊಡಿ. ನಿಲ್ಲಬೇಕಾದಲ್ಲಿ ನಿಲ್ಲುವುದೂ ಗುರುತಿಸುವಿಕೆಯ ಭಾಗ.

ಇನ್ನೊಂದು ಪುಸ್ತಕದಲ್ಲಿ ಎರಡು ಅಂಕಣ ಹಾಕಿ: ‘ನಾನು ಹೇಳಿದ್ದು’, ‘ಇದ್ದದ್ದು’. ಎರಡು ವಾರದಲ್ಲಿ ಒಂದೇ ಜೋಡಿ ನಾಲ್ಕೈದು ಸಲ ಕಾಣಿಸಿಕೊಳ್ಳುತ್ತದೆ. ಮುಂದಿನ ವಾರ ಬೇರೆಲ್ಲ ಬಿಟ್ಟು ಆ ಜೋಡಿಯ ಚಿತ್ರಗಳನ್ನೇ ಹತ್ತು ಹತ್ತರಂತೆ ಕಲೆಸಿ ನೋಡಿ.

ಬೆಂಗಳೂರಿನವರು ಎಡವುವ ಜೋಡಿಗಳು

ಬಿಳಿ ಹಕ್ಕಿಗಳಿಂದ ಶುರುಮಾಡೋಣ, ಕೆರೆಗಳ ಊರಿನಲ್ಲಿ ಇವು ದಿನದ ಪಾಠ. ನಾಲ್ಕು ಜಾತಿ: ಸಣ್ಣ ಬೆಳ್ಳಕ್ಕಿ, ಮಧ್ಯಮ ಬೆಳ್ಳಕ್ಕಿ, ದೊಡ್ಡ ಬೆಳ್ಳಕ್ಕಿ, ಗೋವಕ್ಕಿ. ಕಪ್ಪು ಕೊಕ್ಕು, ಕಪ್ಪು ಕಾಲು, ಹಳದಿ ಪಾದ ಇದ್ದರೆ ಸಣ್ಣ ಬೆಳ್ಳಕ್ಕಿ. ಪಾದ ನೀರಿನೊಳಗಿದ್ದರೆ ಕೊಕ್ಕಿನ ಬಣ್ಣವೊಂದರ ಮೇಲೆಯೇ ತೀರ್ಮಾನಿಸುವ ಹಾಗಿಲ್ಲ, ಏಕೆಂದರೆ ಮರಿ ಮಾಡುವ ಕಾಲದಲ್ಲಿ ದೊಡ್ಡ ಮತ್ತು ಮಧ್ಯಮ ಬೆಳ್ಳಕ್ಕಿಗಳ ಹಳದಿ ಕೊಕ್ಕೂ ಕಪ್ಪಾಗುತ್ತದೆ. ಆಗ ಬಾಯಿಯ ಗೆರೆ ನೋಡಿ. ಕೊಕ್ಕಿನಿಂದ ಹಿಂದಕ್ಕೆ ಹೋಗುವ ಆ ಗೆರೆ ಕಣ್ಣನ್ನು ದಾಟಿ ಹಿಂದಕ್ಕೆ ಹೋಗಿದ್ದರೆ ದೊಡ್ಡ ಬೆಳ್ಳಕ್ಕಿ, ಕಣ್ಣಿನ ಕೆಳಗೇ ನಿಂತರೆ ಮಧ್ಯಮ. ಗೋವಕ್ಕಿಯ ಕುತ್ತಿಗೆ ಗಿಡ್ಡ, ಹಳದಿ ಕೊಕ್ಕು ಮೋಟು, ಗದ್ದದ ಕೆಳಗೆ ಗರಿ ಉಬ್ಬಿ ದವಡೆ ದಪ್ಪ ಕಾಣುತ್ತದೆ. ತಲೆ, ಕುತ್ತಿಗೆಗೆ ಕಿತ್ತಳೆ ಬಣ್ಣ ಬಂದಿದ್ದರೆ ಅನುಮಾನವೇ ಬೇಡ. ಕುತ್ತಿಗೆ ಮುದುರಿ ಕುಳಿತ ದೊಡ್ಡ ಬೆಳ್ಳಕ್ಕಿಯನ್ನು ಗೋವಕ್ಕಿ ಎನ್ನುವ ತಪ್ಪು ಸಾಮಾನ್ಯ. ಕುತ್ತಿಗೆ ಬಿಡಿ, ಕೊಕ್ಕು ಅಳೆಯಿರಿ.

ಇವುಗಳ ನೆಂಟ ಕೊಳದ ಬಕ. ಕುಳಿತಾಗ ಗೆರೆಗೆರೆಯ ಮಣ್ಣುಬಣ್ಣ, ಎದ್ದು ಹಾರಿದರೆ ಅಚ್ಚ ಬಿಳಿ ರೆಕ್ಕೆ. ಹಾರುವ ಚಿತ್ರವಿಲ್ಲದೆ ಕಲಿತವರಿಗೆ ಇದು ಎರಡು ಹಕ್ಕಿ.

ಆಕಾಶದಲ್ಲಿ ಹದ್ದು ಮತ್ತು ಗರುಡ. ಬೆಳೆದ ಗರುಡನ ಬಿಳಿ ತಲೆ, ಇಟ್ಟಿಗೆ ಬಣ್ಣದ ಮೈ ಯಾರಿಗೂ ತಪ್ಪದು. ಎಳೆಯ ಗರುಡ ಮಾತ್ರ ಹದ್ದಿನಂತೆಯೇ ಕಂದು. ಹದ್ದಿನ ಬಾಲ ಕವಲು, ಗರುಡನದು ದುಂಡು ಎಂದು ಎಲ್ಲರೂ ಹೇಳಿಕೊಡುತ್ತಾರೆ. ಹೇಳದಿರುವುದು ಏನೆಂದರೆ, ತಿರುಗುವಾಗ ಹದ್ದು ಬಾಲ ಹರಡಿದರೆ ಕವಲು ಮಾಯವಾಗುತ್ತದೆ. ಆಗ ಬಾಲದ ತುದಿಯ ಎರಡು ಮೂಲೆ ನೋಡಿ. ಹದ್ದಿನದು ಚೂಪು, ಗರುಡನದು ದುಂಡನೆಯ ಅಂಚು. ಗರಿ ಉದುರಿಸುವ ಕಾಲದಲ್ಲಿ ಮಧ್ಯದ ಗರಿಗಳಿಲ್ಲದೆ ಎಂಥ ಬಾಲವೂ ಕವಲಾಗಿ ಕಾಣಬಹುದು. ಒಂದೇ ಚಿತ್ರ ನಂಬದೆ ಸಾಲಾಗಿ ತೆಗೆದ ಮೂರ್ನಾಲ್ಕು ಚಿತ್ರ ನೋಡಿ.

ಶಿಕ್ರಾ (ಸಣ್ಣ ಬೇಟೆಹಕ್ಕಿ) ಮತ್ತು ಹಾಕ್ ಕುಕೂ ಜೋಡಿ ಇನ್ನೂ ಸ್ವಾರಸ್ಯಕರ. ಕೋಗಿಲೆಯ ಬಂಧುವಾದ ಹಾಕ್ ಕುಕೂ ಬಣ್ಣದಲ್ಲೂ ಹಾರಾಟದಲ್ಲೂ ಶಿಕ್ರಾವನ್ನೇ ಹೋಲುತ್ತದೆ, ಸಣ್ಣ ಹಕ್ಕಿಗಳೂ ಮೋಸಹೋಗುತ್ತವೆ. ಕೊಕ್ಕು ಮತ್ತು ಕಾಲು ಸುಳ್ಳು ಹೇಳವು. ಶಿಕ್ರಾದ ಕೊಕ್ಕು ಬುಡದಿಂದಲೇ ಬಾಗಿ ಕೊಕ್ಕೆಯಾಗುತ್ತದೆ, ಕಾಲು ಉದ್ದ, ಉಗುರು ದೊಡ್ಡದು. ಹಾಕ್ ಕುಕೂವಿನ ಕೊಕ್ಕು ಹೆಚ್ಚುಕಡಿಮೆ ನೇರ, ಕಣ್ಣಿನ ಸುತ್ತ ಹಳದಿ ಉಂಗುರ, ಕಾಲು ಗಿಡ್ಡ.

ಸೂರಕ್ಕಿಗಳಲ್ಲಿ ಪರ್ಪಲ್, ಪರ್ಪಲ್ ರಂಪ್ಡ್, ಲೋಟೆನ್ಸ್ ಮೂರೂ ಲಾಲ್‌ಬಾಗಿನಲ್ಲಿ ಸಿಗುತ್ತವೆ. ಕಾಗದದ ಅಳತೆ ಇಲ್ಲಿ ಕೈಹಿಡಿಯುತ್ತದೆ. ಲೋಟೆನ್ಸ್ ಗಂಡಿನ ಕೊಕ್ಕು ತಲೆಗಿಂತ ಚೆನ್ನಾಗಿ ಉದ್ದ, ಕುಡುಗೋಲಿನಂತೆ ಬಾಗಿದ್ದು, ಹೊಟ್ಟೆ ಮಾಸಲು ಕಂದು. ಪರ್ಪಲ್ ಗಂಡಿನದು ತಲೆಯಷ್ಟೇ. ಹೆಣ್ಣುಗಳಲ್ಲಿ ಗಂಟಲು ನೋಡಿ: ಬೂದುಬಿಳುಪಾಗಿದ್ದು ಎದೆಯಿಂದ ಹಳದಿ ಶುರುವಾದರೆ ಪರ್ಪಲ್ ರಂಪ್ಡ್, ಗಂಟಲಿನಿಂದಲೇ ತೆಳು ಹಳದಿಯಾದರೆ ಪರ್ಪಲ್ ಅಥವಾ ಲೋಟೆನ್ಸ್. ಮರಿ ಮಾಡುವ ಕಾಲ ಮುಗಿದ ಮೇಲೆ ಪರ್ಪಲ್ ಗಂಡಿಗೂ ಹೆಣ್ಣಿನಂಥ ಗರಿ ಬರುತ್ತದೆ, ಗಂಟಲಿನ ನಡುವೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಅದನ್ನು ಹೊಸ ಜಾತಿ ಎಂದುಕೊಂಡವರು ಎಷ್ಟೋ ಮಂದಿ.

ಪಿಕಳಾರದ ಮರಿ, ಕಾಜಾಣದ ಮರಿ ಎರಡಕ್ಕೂ ಒಂದೊಂದು ಎಚ್ಚರಿಕೆ. ಕೆಂಪು ಕೆನ್ನೆಯ ಪಿಕಳಾರದ ಎಳೆಹಕ್ಕಿಗೆ ಕೆನ್ನೆ ಕೆಂಪಿರುವುದಿಲ್ಲ, ಬಾಲದಡಿಯೂ ತೆಳು ಕಿತ್ತಳೆ. ಜುಟ್ಟಿನ ಆಕಾರ, ಬಿಳಿ ಗಂಟಲು ನೋಡಿ. ಕಪ್ಪು ಕಾಜಾಣದ ಎಳೆಹಕ್ಕಿಯ ಹೊಟ್ಟೆಯಲ್ಲಿ ಬಿಳಿ ಬಿಳಿ ಅಂಚುಗಳಿರುತ್ತವೆ, ಅದನ್ನು ಬಿಳಿಹೊಟ್ಟೆಯ ಕಾಜಾಣ ಎಂದು ಬರೆಯಬೇಡಿ. ನಿಜವಾದ ಬಿಳಿಹೊಟ್ಟೆಯಲ್ಲಿ ಬಿಳುಪು ಚದುರಿರುವುದಿಲ್ಲ, ಒಂದೇ ಹಾಸು.

ಕುಟ್ರಗಳಿಗೆ (ಬಾರ್ಬೆಟ್) ಒಂದೇ ಸಾಲು: ಕಣ್ಣಿನ ಸುತ್ತ ಕಿತ್ತಳೆ ಚರ್ಮ ಬೋಳಾಗಿದ್ದರೆ ಕಂದು ತಲೆಯ ಕುಟ್ರ, ಕಣ್ಣಿನ ಕೆಳಗೆ ಬಿಳಿ ಪಟ್ಟೆ ಇದ್ದರೆ ಬಿಳಿಗೆನ್ನೆಯದು. ನೀರುಕಾಗೆಗಳಲ್ಲಿ ಕೊಕ್ಕು ಗಿಡ್ಡ, ಹಣೆ ಎದ್ದಿದ್ದರೆ ಸಣ್ಣದು. ಕೊಕ್ಕು ನೀಳ, ತೆಳು, ಕಣ್ಣು ನೀಲಿಹಸಿರಾದರೆ ಇಂಡಿಯನ್ ಕಾರ್ಮೊರೆಂಟ್.

ಇನ್ನು ಉಲಿಯಕ್ಕಿಗಳು. ಹಸಿರು ಉಲಿಯಕ್ಕಿಗೆ ಉದ್ದನೆಯ ಹುಬ್ಬು, ರೆಕ್ಕೆಯ ಮೇಲೆ ಒಂದು ತೆಳು ಪಟ್ಟೆ. ಬ್ಲೈತ್ಸ್ ರೀಡ್ ವಾರ್ಬ್ಲರ್‌ಗೆ ರೆಕ್ಕೆಪಟ್ಟೆ ಇಲ್ಲ, ಸಾದಾ ಕಂದು, ಹುಬ್ಬು ಕಣ್ಣಿನ ಮುಂದಷ್ಟೇ. ಆದರೆ ಹಳೆಯ ಗರಿ ಸವೆದು ಪಟ್ಟೆಯೇ ಅಳಿಸಿಹೋಗಿರಬಹುದು. ಇವುಗಳನ್ನು ಧೈರ್ಯವಾಗಿ ಹೇಳಲು ಕೂಗು ಬೇಕು. ಮೊದಲ ಆರು ತಿಂಗಳು ಗುಂಪಿನ ಹೆಸರಿಗೇ ನಿಲ್ಲುವುದು ಲೇಸು.

ಕಷ್ಟ ಹೆಚ್ಚಿಸುವುದು

ಅಂಕ ಶೇಕಡಾ 80 ದಾಟಿದ ಮೇಲೆ ಅದೇ ಚಿತ್ರಗಳನ್ನು ಕೆಡಿಸಿ. ಫೋನಿನ ಎಡಿಟರ್‌ನಲ್ಲಿ ಕಪ್ಪುಬಿಳುಪು ಮಾಡಿ, ಬಣ್ಣದ ಊರುಗೋಲು ಹೋಗುತ್ತದೆ. ಚಿತ್ರದ ಅಗಲವನ್ನು 150 ಪಿಕ್ಸೆಲ್‌ಗೆ ಇಳಿಸಿ, ದೂರದ ಹಕ್ಕಿಯಾಗುತ್ತದೆ. ತಲೆಯನ್ನು ಬೆರಳಿನಿಂದ ಮುಚ್ಚಿ, ಉಳಿದ ಮೈಯಿಂದ ಎಷ್ಟು ಹೇಳಬಲ್ಲಿರಿ ನೋಡಿ. ಇಬರ್ಡ್‌ನ ‘ಕ್ವಿಜ್’ ವಿಭಾಗವೂ ಒಳ್ಳೆಯ ಪರೀಕ್ಷೆ. ಜಾಗ ಮತ್ತು ದಿನಾಂಕ ಕೊಟ್ಟರೆ ಅಲ್ಲಿ ಆಗ ಇರಬಹುದಾದ ಹಕ್ಕಿಗಳ 20 ಚಿತ್ರ ಒಂದೊಂದಾಗಿ ಬರುತ್ತವೆ. ಅವು ಆರಿಸಿ ತೆಗೆದ ಅಂದದ ಚಿತ್ರಗಳಲ್ಲ, ಜನ ಸೇರಿಸಿದ ಎಲ್ಲ ತೆರನವು. ಅದೇ ಅದರ ಬೆಲೆ. ಆದರೆ ಅಲ್ಲಿ ಆಯ್ಕೆಗಳು ಮುಂದಿರುತ್ತವೆ. ಆಯ್ಕೆಗಳನ್ನು ಕೈಯಿಂದ ಮುಚ್ಚಿ ಮೊದಲು ಕಾರಣ ಬರೆದುಕೊಳ್ಳಿ.

ಹಕ್ಕಿಯ ಹೆಸರು ಸೂಚಿಸುವ ಮರ್ಲಿನ್ ಆ್ಯಪ್ ಅನ್ನು ಉತ್ತರ ಬರೆದ ಮೇಲೆ ತೆರೆಯಿರಿ, ಮೊದಲಲ್ಲ. ಫೋಟೊ ಕೊಟ್ಟಾಗ ಹಕ್ಕಿ ಚೌಕದ ತುಂಬ ಬರುವಂತೆ ಹಿಗ್ಗಿಸಿ. ತೆಗೆದ ಜಾಗ, ದಿನಾಂಕ ಸರಿಯಾಗಿ ಹಾಕಿ, ಏಕೆಂದರೆ ಅದು ಅವುಗಳನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುತ್ತದೆ. ನಿಮ್ಮದೂ ಅದರದೂ ಬೇರೆಯಾದರೆ ‘ಆ್ಯಪ್ ಹೇಳಿತು’ ಎಂದು ತಿದ್ದಿಕೊಳ್ಳಬೇಡಿ. ಅದು ಹೇಳಿದ ಹಕ್ಕಿಯ ಹತ್ತು ಚಿತ್ರ ತೆರೆದು ನೀವು ಬರೆದ ಕಾರಣಗಳ ಜೊತೆ ಹೋಲಿಸಿ. ಎಳೆಹಕ್ಕಿ ಮತ್ತು ಅರ್ಧ ಮರೆಯಾದ ಹಕ್ಕಿಯಲ್ಲಿ ಆ್ಯಪ್ ಕೂಡ ಎಡವುತ್ತದೆ.

ನಿಮ್ಮದೇ ಚಿತ್ರಗಳು

ಒಂದು ತಿಂಗಳಾದ ಮೇಲೆ ಹೊರಗೆ ಹೋಗಿ. ಜಕ್ಕೂರು ಅಥವಾ ಕೈಕೊಂಡ್ರಹಳ್ಳಿ ಕೆರೆಗೆ ಬೆಳಗ್ಗೆ ಬೇಗ ಹೋದರೆ ಮೇಲಿನ ನೀರುಹಕ್ಕಿಗಳ ಪಾಠ ಒಂದೇ ಸುತ್ತಿನಲ್ಲಿ ಒರೆಗೆ ಬರುತ್ತದೆ. ಹೆಸರಘಟ್ಟದ ಹುಲ್ಲುಗಾವಲಿನದು ಬೇರೆಯೇ ಲೋಕ, ಅದನ್ನು ಎರಡನೆಯ ಪಟ್ಟಿಗೆ ಇಟ್ಟುಕೊಳ್ಳಿ. ಬಿಸಿಲು ಬೆನ್ನ ಹಿಂದೆ ಬರುವಂತೆ ನಿಲ್ಲಿ. ಬೆಳ್ಳಕ್ಕಿ ತೆಗೆಯುವಾಗ ಕ್ಯಾಮೆರಾದ ಎಕ್ಸ್‌ಪೋಶರ್ ಅನ್ನು ಸುಮಾರು ಒಂದು ಸ್ಟಾಪ್ (ಬೆಳಕಿನ ಒಂದು ಹಂತ) ಇಳಿಸಿ, ಇಲ್ಲದಿದ್ದರೆ ಗರಿಯ ವಿವರವೆಲ್ಲ ಬಿಳಿಯಲ್ಲಿ ಮುಳುಗುತ್ತದೆ. ಆಕಾಶದ ಎದುರು ಕುಳಿತ ಕಾಜಾಣಕ್ಕೆ ಒಂದು ಸ್ಟಾಪ್ ಏರಿಸಿ. ಪಕ್ಕದಿಂದ, ಮುಂದಿನಿಂದ, ಹಿಂದಿನಿಂದ, ಹಾರುವಾಗ, ಹೀಗೆ ಸಿಕ್ಕಷ್ಟು ಕೋನ ತೆಗೆಯಿರಿ. ಮಸುಕಾದದ್ದನ್ನು ಅಲ್ಲೇ ಅಳಿಸಬೇಡಿ, ಎಷ್ಟೋ ಸಲ ರೆಕ್ಕೆ ಬಿಚ್ಚಿದ ಮಸುಕು ಚಿತ್ರದಲ್ಲೇ ಉತ್ತರ ಇರುತ್ತದೆ. ಹಕ್ಕಿ ಹಾರಿಹೋಗುವಷ್ಟು ಹತ್ತಿರ ಹೋಗಬೇಡಿ, ಚಿತ್ರಕ್ಕಾಗಿ ರೆಕಾರ್ಡ್ ಮಾಡಿದ ಕೂಗು ಹಾಕಿ ಕರೆಯಬೇಡಿ.

ಗುರುತು ಸಿಗದ ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕಿ ‘ಯಾವ ಹಕ್ಕಿ?’ ಎಂದಷ್ಟೇ ಕೇಳಿದರೆ ಸಿಗುವುದು ಹೆಸರು, ಪಾಠವಲ್ಲ. ಜಾಗ, ದಿನಾಂಕ, ಹಕ್ಕಿ ಏನು ಮಾಡುತ್ತಿತ್ತು, ಕೂಗಿತೇ, ಪಕ್ಕದ ಯಾವ ಹಕ್ಕಿಯಷ್ಟಿತ್ತು ಎಂದು ಬರೆಯಿರಿ. ಬಣ್ಣ ತಿದ್ದದ ಮೂಲ ಚಿತ್ರ ಕಳಿಸಿ. ನಿಮ್ಮ ಊಹೆ ಮತ್ತು ಕಾರಣವನ್ನೂ ಸೇರಿಸಿ, ಉತ್ತರಿಸಿದವರನ್ನು ‘ಯಾವ ಗುರುತಿನಿಂದ ಹೇಳಿದಿರಿ?’ ಎಂದು ಕೇಳಿ. ಪಟ್ಟಿಯಲ್ಲೇ ಇಲ್ಲದ ಕಡುಬಣ್ಣದ ಗಿಳಿಯಂಥದ್ದು ಮನೆಯ ಹತ್ತಿರ ಕಂಡರೆ ಪಂಜರದಿಂದ ತಪ್ಪಿಸಿಕೊಂಡದ್ದೇ ಎಂದೂ ಯೋಚಿಸಿ.

ಹೀಗೆ ಬಗೆಹರಿದ ನಿಮ್ಮದೇ ಚಿತ್ರಗಳಿಗೆ 201ರಿಂದ ಅಂಕಿ ಕೊಟ್ಟು ಹಳೆಯ ಕಟ್ಟಿಗೆ ಸೇರಿಸಿ. ಅಕ್ಟೋಬರ್ ಬಂದಾಗ ಮತ್ತೆ ಬಾರ್ ಚಾರ್ಟ್ ತೆರೆದು, ಚಳಿಗಾಲಕ್ಕೆ ಬರುವ 15 ಹಕ್ಕಿಗಳನ್ನು ಪಟ್ಟಿಗೆ ಕೂಡಿಸಿ; ಅಷ್ಟೊತ್ತಿಗೆ ಕೆರೆಯಂಚಿಗೆ ಗೊರವಗಳು (ಸ್ಯಾಂಡ್‌ಪೈಪರ್) ಇಳಿದಿರುತ್ತವೆ.